ಕಪ್ಪಾದ ಕ್ಲಚ್ ಆಯಿಲ್: ಗೇರ್‌ಬಾಕ್ಸ್ ಇಳಿಸದೆ ಕಾರಣ ಹುಡುಕಿದ್ದು

ಕ್ಲಚ್ ಆಯಿಲ್, ಅಂದರೆ ಪೆಡಲ್ ಒತ್ತಿದ ಬಲವನ್ನು ಕ್ಲಚ್ಚಿಗೆ ಮುಟ್ಟಿಸುವ ಎಣ್ಣೆ, ಕಪ್ಪಾಯ್ತು ಅಂದರೆ ನಮ್ಮ ಮೆಕ್ಯಾನಿಕ್‌ಗಳು ಮಾಡೋದು ಒಂದೇ. ಡಬ್ಬಿಯಲ್ಲಿರುವುದನ್ನು ಸಿರಿಂಜ್‌ನಲ್ಲಿ ಎಳೆದು ಹೊಸದು ತುಂಬುತ್ತಾರೆ, ಪೆಡಲ್ ಒತ್ತಿಸಿ ಬ್ಲೀಡ್ ಮಾಡುತ್ತಾರೆ, ಅಂದರೆ ಲೈನ್‌ನ ಗಾಳಿ ತೆಗೆಯುತ್ತಾರೆ. ಒಂದೆರಡು ತಿಂಗಳಿಗೆ ಮತ್ತೆ ಕಪ್ಪು.

ಚಿಕ್ಕಮಗಳೂರಿನ ನನ್ನ ಗ್ಯಾರೇಜಿಗೆ ಒಬ್ಬ ಮೇಷ್ಟ್ರ ಡೀಸೆಲ್ ಗಾಡಿ ಬಂದಿತ್ತು. ಚಾರ್ಮಾಡಿ ಘಾಟಿ ಹತ್ತಿಳಿಯುವ ಗಾಡಿ. ಪೆಡಲ್ ಮೆತ್ತಗೆ, ಬೆಳಿಗ್ಗೆ ರಿವರ್ಸ್ ಬೀಳಲ್ಲ. ಬೇರೆ ಕಡೆ ಸ್ಲೇವ್ ಸಿಲಿಂಡರ್‌ಗೆ (ಕೆಳಗೆ ಗೇರ್‌ಬಾಕ್ಸ್ ಬಳಿ ಕ್ಲಚ್ಚನ್ನು ತಳ್ಳುವುದು) ರಬ್ಬರ್ ಕಿಟ್ ಹಾಕಿದ್ದರು, ಆಮೇಲೆ ಮಾಸ್ಟರ್ ಸಿಲಿಂಡರನ್ನೇ (ಮೇಲೆ ಪೆಡಲ್ ಬಳಿ ಎಣ್ಣೆ ಒತ್ತುವುದು) ಬದಲಿಸಿದ್ದರು. ಅಲ್ಲಿಗೇ 6-7 ಸಾವಿರ ಹೋಗಿತ್ತು. ಕೊನೆಗೆ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಸೆಟ್ ಹಾಕೋಣ ಅಂತ ಹತ್ತಿರ ಹತ್ತಿರ 18,000ದ ಲೆಕ್ಕ ಕೊಟ್ಟಿದ್ದರು. ಪ್ಲೇಟ್ ಈ ಎಣ್ಣೆಯನ್ನು ಮುಟ್ಟುವುದೇ ಇಲ್ಲ, ಅದು ಸವೆದರೆ ಎಣ್ಣೆ ಯಾಕೆ ಕಪ್ಪಾಗಬೇಕು?

ಕ್ಲಚ್ ಲೈನ್‌ನಲ್ಲಿ ಎಣ್ಣೆ ಸುತ್ತಲ್ಲ, ಹಿಂದೆ ಮುಂದೆ ಆಡುತ್ತೆ ಅಷ್ಟೆ. ಹಾಗಾಗಿ ಕೊಳೆ ಹುಟ್ಟಿದ ಜಾಗದ ಆಸುಪಾಸಲ್ಲೇ ಜಾಸ್ತಿ ಇರುತ್ತೆ. ನಾನು ಹಿಡಿದದ್ದು ಇದೇ ಎಳೆ. ಪಕ್ಕದ ಗ್ಯಾರೇಜಿನವರು, "ಎಣ್ಣೆ ಬಣ್ಣ ನೋಡಿ ಕಾಯಿಲೆ ಹೇಳೋಕೆ ನೀನೇನು ಡಾಕ್ಟ್ರಾ?" ಅಂದರು.

ಮೊದಲು ಆಯಸ್ಕಾಂತ ಇಟ್ಟು ನೋಡಿದೆ, ಏನೂ ಅಂಟಲಿಲ್ಲ. ಫಿಲ್ಟರ್ ಪೇಪರ್‌ನಲ್ಲಿ ಸೋಸಿದೆ, ಎಲ್ಲಾ ಒಂದೇ ಮಸಿ. ಆಮೇಲೆ ಗಾಡಿಯನ್ನು ರಾತ್ರಿಯಿಡೀ ಪೆಡಲ್ ಮುಟ್ಟದೆ ಬಿಟ್ಟೆ. ಬೆಳಿಗ್ಗೆ ಸ್ಲೇವ್‌ನಲ್ಲಿರುವ ಬ್ಲೀಡರ್‌ಗೆ (ಎಣ್ಣೆ ಹೊರಬಿಡುವ ತಿರುಪು) ಡ್ರಿಪ್ ಪೈಪ್ ಸಿಕ್ಕಿಸಿ ತಾನಾಗಿ ಇಳಿಯಲು ಬಿಟ್ಟೆ. ಪಂಪ್ ಮಾಡಿದರೆ ಎಲ್ಲಾ ಕಲಸಿಹೋಗುತ್ತೆ. ಇಡೀ ಲೈನ್ 100 ಎಂಎಲ್ ಹಿಡಿಯೋದೂ ಕಷ್ಟ. ಅದನ್ನು ಹೋಮಿಯೋಪತಿ ಬಾಟಲಿಗಳಿಗೆ ಹತ್ತತ್ತು ಎಂಎಲ್ ಹಿಡಿದು, ಸಾಲಾಗಿ ಕಿಟಕಿಯಲ್ಲಿಟ್ಟೆ.

ಮೊದಲ ಬಾಟಲಿ, ಅಂದರೆ ಸ್ಲೇವ್‌ನಲ್ಲಿದ್ದ ಎಣ್ಣೆ, ಬರೀ ಕಂದು. ಅದರ ನಂತರದ ಎರಡು ಕಡುಗಪ್ಪು. ಕೊನೆಯವು, ಮಾಸ್ಟರ್ ಕಡೆಯವು, ತಿಳಿ ಹಳದಿ. ತಳದ ಗಸಿಯನ್ನು ಬೆರಳಲ್ಲಿ ಉಜ್ಜಿದರೆ ಕಾಡಿಗೆ ಹಾಗೆ ಬಳಿಯಿತು. ರಬ್ಬರ್! ಸಿಲಿಂಡರಿನ ಅಲ್ಯೂಮಿನಿಯಂ ಬೋರ್ (ಒಳಗೋಡೆ) ಸವೆದಿದ್ದರೆ ಬೂದು ಬಣ್ಣ, ಸಣ್ಣ ಹೊಳಪು ಬರುತ್ತೆ. ಅಂದರೆ ಸ್ಲೇವೂ ಅಲ್ಲ, ಮಾಸ್ಟರೂ ಅಲ್ಲ, ನಡುವಿನ ರಬ್ಬರ್ ಹೋಸ್. ಅದರ ಕ್ಲಿಪ್ ಬಿಟ್ಟುಹೋಗಿ ಬಿಸಿ ಎಕ್ಸಾಸ್ಟ್ (ಹೊಗೆ ಪೈಪ್) ಪಕ್ಕಕ್ಕೇ ಜೋತುಬಿದ್ದಿತ್ತು. ಬಿಚ್ಚಿ ಬ್ಲೇಡ್‌ನಲ್ಲಿ ಉದ್ದಕ್ಕೆ ಸೀಳಿದೆ. ಹೊರಗೆ ಚೆನ್ನಾಗಿಯೇ ಇದೆ, ಒಳಗೋಡೆ ಮಾತ್ರ ಉಬ್ಬಿ ಪುಡಿಪುಡಿ.

ಹೋಸ್‌ಗೆ 900 ಚಿಲ್ಲರೆ, ಡಾಟ್ 4 ಎಣ್ಣೆ (ಬ್ರೇಕಿಗೂ ಕ್ಲಚ್ಚಿಗೂ ಹಾಕುವ ಬ್ರೇಕ್ ಆಯಿಲ್), ಕೂಲಿ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಒಂದು ಮಳೆಗಾಲ ಕಳೆದರೂ ಎಣ್ಣೆ ಹಳದಿಯೇ ಇದೆ. ಪಕ್ಕದವರೂ ಈಗ ಬಾಟಲಿ ಕೇಳಲು ಬರುತ್ತಾರೆ. ಹೀಗೆ ಇಳಿಸುವಾಗ ಒಂಚೂರೂ ಗಾಳಿ ಸೇರದ ಹಾಗೆ ನಾನು ಮಾಡುವ ಉಪಾಯ ಒಂದಿದೆ. ಅದು ಹೊಟ್ಟೆಪಾಡಿನ ವಿಷಯ, ಇಲ್ಲಿ ಬರೆಯಲ್ಲ.

ಸುಮ್ನೆ ಇನ್ನೊಂದು ನೋಡಿದೆ. ಸಿಲಿಂಡರ್ ಒಳಗಿನ ಹಳೇ ರಬ್ಬರ್ ಕಪ್‌ಗಳನ್ನು ಒಂದು ಬಾಟಲಿಯಲ್ಲಿ ಡಾಟ್ 4ಗೆ, ಇನ್ನೊಂದರಲ್ಲಿ ಎಂಜಿನ್ ಆಯಿಲ್‌ಗೆ ಹಾಕಿಟ್ಟೆ. ಕೆಲವು ದಿನಕ್ಕೆ ಎಂಜಿನ್ ಆಯಿಲ್‌ನದ್ದು ಉಬ್ಬಿ ಸಿಲಿಂಡರ್‌ಗೆ ಕೂರಲೇ ಇಲ್ಲ. ಯಾರಾದರೂ ತಪ್ಪು ಎಣ್ಣೆ ಸುರಿದಿದ್ದಾರೆ ಅನಿಸಿದರೆ ಡಬ್ಬಿಯ ಎಣ್ಣೆಯನ್ನು ನಾಲ್ಕು ಹನಿ ತೆಗೆದು ನೀರಿಗೆ ಹಾಕಿ. ಬ್ರೇಕ್ ಆಯಿಲ್ ಬೆರೆಯುತ್ತೆ, ಬೇರೆ ಎಣ್ಣೆ ತೇಲುತ್ತೆ. ತೇಲಿದರೆ, ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ ಇರುವ ಗಾಡಿಯನ್ನು ಅಲ್ಲಿಂದ ಕದಲಿಸಬೇಡಿ. ಬ್ರೇಕ್ ರಬ್ಬರ್‌ಗಳನ್ನೂ ನೋಡಲೇಬೇಕು.