ನಿಲ್ಲಿಸಿದ ಕಾರಿಗೆ ಇಲಿ ನುಗ್ಗದಂತೆ
ಮನೆಯ ಶೆಡ್ಡಿನಲ್ಲಿ ಕಾರು ದಿನಗಟ್ಟಲೆ ನಿಲ್ಲುವುದಾದರೆ ರಾತ್ರಿ ಬಾನೆಟ್ ಪೂರ್ತಿ ಎತ್ತಿಟ್ಟು, ಮೇಲೊಂದು ಸಣ್ಣ ಎಲ್‌ಇಡಿ ಬಲ್ಬು ಉರಿಯಲು ಬಿಡಿ. ಇಲಿಗೆ ಬೇಕಾದುದು ಕತ್ತಲು, ಬಿಸುಪು, ಮುಚ್ಚಿದ ಮೂಲೆ. ಇವು ಸಿಗದ ಎಂಜಿನ್ ಬಳಿ ಗೂಡು ಕಟ್ಟಲು ಹಿಂಜರಿಯುತ್ತದೆ. ಅದರ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ, ಒಳಸೇರಿದರೆ ವಿದ್ಯುತ್ ತಂತಿಗೆ ಬಾಯಿ ಹಾಕದೆ ಬಿಡದು. ಬೀದಿಯಲ್ಲಿ ನಿಲ್ಲಿಸುವವರಿಗೆ ಈ ಉಪಾಯ ಆಗದು. ಬಾನೆಟ್ ಎತ್ತಿದರೆ ದೀಪ ಹೊತ್ತುವ ಕಾರಾದರೆ ಕಾರಿನ ಆ ದೀಪವನ್ನು ನಂದಿಸಿ, ಇಲ್ಲವೆಂದರೆ ಬ್ಯಾಟರಿ ಇಳಿದುಹೋಗಬಹುದು. ಈಗಾಗಲೇ ಗೂಡಿದ್ದರೆ ಕೈಗವಸು ಹಾಕಿಕೊಂಡು, ಸೋಂಕುನಿವಾರಕ ಸಿಂಪಡಿಸಿ ಮೊದಲು ಅದನ್ನು ತೆಗೆಯಿರಿ: ಇಲಿಯ ಮೂತ್ರದಿಂದ ಇಲಿಜ್ವರದ ಭಯ ಒಂದು ಕಡೆ, ಆ ವಾಸನೆ ಉಳಿದರೆ ಬೇರೆ ಇಲಿಗಳೂ ಅದೇ ದಾರಿ ಹಿಡಿಯುವುದು ಇನ್ನೊಂದು ಕಡೆ. ಹೊಗೆಸೊಪ್ಪಿನ ಪೊಟ್ಟಣ ತೂಗುಹಾಕುವವರೂ ಇದ್ದಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ, ಘಾಟು ಇಳಿದ ಮೇಲೆ ಮತ್ತೆ ಬದಲಿಸುತ್ತಲೇ ಇರಬೇಕು.