ಅರ್ಧ ಫೈಲನ್ನು ಮುಟ್ಟದೆ ದಾಟಿದ ಒಂದು ರಿಟರ್ನ್ ಸೀಸನ್

2025ರ ಸೆಪ್ಟೆಂಬರ್ 15ರ ರಾತ್ರಿ, ಆದಾಯ ತೆರಿಗೆ ಪೋರ್ಟಲ್ ತೆರೆಯುತ್ತಿಲ್ಲವೆಂಬ ದೂರುಗಳ ನಡುವೆ ರಿಟರ್ನ್ ಸಲ್ಲಿಕೆಗೆ ಇನ್ನೊಂದು ದಿನ ಕೊಟ್ಟ ಪ್ರಕಟಣೆ ಹೊರಬೀಳುವ ಹೊತ್ತಿಗೆ, ಹುಬ್ಬಳ್ಳಿಯ ನಮ್ಮ ಲೆಕ್ಕಪರಿಶೋಧನಾ ಕಚೇರಿಯಲ್ಲಿ ದೀಪ ಆರಿ ನಾಲ್ಕು ತಾಸು ದಾಟಿತ್ತು. ಹನ್ನೊಂದು ಜನ ಸಿಬ್ಬಂದಿಯೂ ಮನೆ ಸೇರಿದ್ದರು. ಆಡಿಟ್ ಇಲ್ಲದ ಸುಮಾರು 620 ರಿಟರ್ನ್‌ಗಳಲ್ಲಿ ಉಳಿದದ್ದು ಒಂಬತ್ತೋ ಹತ್ತೋ, ಅವೂ ಕ್ಲೈಂಟ್ ಕಡೆಯಿಂದ ಕಾಗದ ಬಾರದೆ ನಿಂತಂಥವು. ಸೀಸನ್ನಿನಲ್ಲೂ ಸಂಜೆ ಏಳೂವರೆಗೆ ಕಚೇರಿ ಬಂದ್ ಮಾಡುತ್ತೇನೆಂದು ನಾನು ಮೇ ತಿಂಗಳಲ್ಲಿ ಹೇಳಿದಾಗ, ವೃತ್ತಿಬಾಂಧವರಲ್ಲಿ ಹೆಚ್ಚಿನವರು ಇದು ದೊಡ್ಡ ಊರಿನ ದೊಡ್ಡ ಫರ್ಮುಗಳಿಗೆ ಸಲ್ಲುವ ಮಾತು, ದಲಾಲಿ ಅಂಗಡಿಗಳ ಲೆಕ್ಕ ಬರೆಯುವ ನಮ್ಮಂಥವರಿಗಲ್ಲ ಎಂದಿದ್ದರು. ಆದದ್ದನ್ನು ಆದಂತೆ ದಾಖಲಿಸುವುದು ಒಳ್ಳೆಯದೆಂದು ಇದನ್ನು ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಬಂದವು, ಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ಮೊದಲು ಸೋತ ವರ್ಷಗಳ ಬಗ್ಗೆ ಹೇಳಬೇಕು. 2021ರ ಜೂನ್‌ನಲ್ಲಿ ಹೊಸ ಪೋರ್ಟಲ್ ಬಂದ ಮೇಲೆ, ರಾತ್ರಿ ಅದು ಸ್ವಲ್ಪ ವೇಗವಾಗಿ ನಡೆಯುತ್ತದೆಂಬ ನಂಬಿಕೆಯಿಂದ ಹುಡುಗರನ್ನು ಎರಡು ಗಂಟೆಯವರೆಗೆ ಕೂರಿಸಿಕೊಂಡೆ. ಕೊನೆಯ ದಿನ ಸೆಪ್ಟೆಂಬರ್‌ಗೆ, ಅಲ್ಲಿಂದ ಡಿಸೆಂಬರ್‌ಗೆ ಹೋಯಿತು. ನಮ್ಮ ರಾತ್ರಿಗಳೂ ಅದರೊಂದಿಗೆ ಉದ್ದವಾದವು. ಆ ಚಳಿಗಾಲ ಮುಗಿಯುವಷ್ಟರಲ್ಲಿ ಇಬ್ಬರು ಕೆಲಸ ಬಿಟ್ಟರು, ಅವರಲ್ಲಿ ಒಬ್ಬರು ನನ್ನ ಬಳಿ ಎಂಟು ವರ್ಷ ದುಡಿದವರು. ಮರುವರ್ಷ ಗಂಟೆಗೆ 150 ರೂಪಾಯಿಯಂತೆ ಓವರ್‌ಟೈಮ್ ಕೊಟ್ಟೆ. ಸುಮಾರು 75 ಸಾವಿರ ಖರ್ಚಾಯಿತು, ಹಗಲಿನ ಕೆಲಸ ಸಂಜೆಗೆ ಜಾರಿತು. ಅದಕ್ಕೆ ಸಿಬ್ಬಂದಿಯನ್ನು ದೂರುವುದು ನ್ಯಾಯವಲ್ಲ. ಸಂಬಳಕ್ಕಿಂತ ಓವರ್‌ಟೈಮಿಗೆ ಬೆಲೆ ಹೆಚ್ಚೆಂದು ತೋರಿಸಿಕೊಟ್ಟವನು ನಾನೇ. 2023ರಲ್ಲಿ ಬಿ.ಕಾಂ. ಮುಗಿಸಿದ ಮೂವರನ್ನು ತಿಂಗಳಿಗೆ 14 ಸಾವಿರದಂತೆ ಮೂರು ತಿಂಗಳಿಗೆ ತೆಗೆದುಕೊಂಡೆ. ಅವರಿಗೆ ಕಲಿಸುವುದರಲ್ಲೇ ಹಿರಿಯರ ಆಗಸ್ಟ್ ಕಳೆದುಹೋಯಿತು. ಅವರು ಕಲಿತು ಮುಗಿಸುವಾಗ ಸೀಸನ್ ಕೂಡ ಮುಗಿದಿತ್ತು.

ಕಣ್ಣು ತೆರೆಸಿದ್ದು 2024ರ ಜುಲೈ 31. ಆ ವರ್ಷ ದಿನಾಂಕ ಮುಂದಕ್ಕೆ ಹೋಗಲಿಲ್ಲ. ರಾತ್ರಿ ಹನ್ನೊಂದರ ಸುಮಾರಿಗೆ ನಮ್ಮ ಬಹಳ ಎಚ್ಚರದ ಸಹಾಯಕಿಯೊಬ್ಬರು ವ್ಯಾಪಾರದ ಆದಾಯವಿದ್ದ ಒಬ್ಬರ ರಿಟರ್ನನ್ನು ಹಳೆಯ ತೆರಿಗೆ ಪದ್ಧತಿಯಲ್ಲಿ ಸಲ್ಲಿಸಿದರು, ಆದರೆ ಆ ಪದ್ಧತಿ ಬೇಕೆಂದು ತಿಳಿಸಲು ಅದಕ್ಕೂ ಮೊದಲು ಹಾಕಬೇಕಿದ್ದ 10-ಐಇಎ ನಮೂನೆಯನ್ನು ಮರೆತರು. ಗೃಹಸಾಲದ ಬಡ್ಡಿ, 80ಸಿ ಉಳಿತಾಯ ಹೀಗೆ ಸಿಗಬೇಕಿದ್ದ ಕಡಿತ ಎಲ್ಲವೂ ಹೋಗಿ, ಬಡ್ಡಿ ಸೇರಿ ಸುಮಾರು 30 ಸಾವಿರದ ತೆರಿಗೆ ಡಿಮಾಂಡ್ ಬಂತು. ಆ ಹಣವನ್ನು ನಾನು ಕೊಟ್ಟೆ. ಆಕೆ ಮರುದಿನ ಬಂದು, "ಸರ್, ಆ ಫೈಲ್ ನಾ ಐದ್ ಸಲ ತಗದಿದ್ದೆರಿ. ನಾಕನೇ ಸಲಕ್ಕ ಫಾರ್ಮ್ ಹಾಕೇನಿ ಅನ್ಕೊಂಡೆ" ಎಂದರು. ನಾನು ತಿಂಗಳುಗಟ್ಟಲೆ ಯೋಚಿಸಿದ್ದು ಆ ಒಂದು ಮಾತನ್ನು.

ನವೆಂಬರ್‌ನಲ್ಲಿ ಫೈಲ್ ರಿಜಿಸ್ಟರ್ ಹಿಡಿದು ಕುಳಿತೆ. ಒಂದು ಆಡಿಟ್ ಫೈಲ್ ಕಪಾಟಿನಿಂದ ಸರಾಸರಿ ಐದಾರು ಸಲ ಹೊರಬಂದಿತ್ತು. ಒಂದು ಹಾರ್ಡ್‌ವೇರ್ ಅಂಗಡಿಯದು ಹದಿನಾಲ್ಕು ಸಲ. ಒಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ಬಂತೆಂದು, ಇನ್ನೊಮ್ಮೆ ಸ್ಟಾಕ್ ಪಟ್ಟಿ ಬಂತೆಂದು, ಮತ್ತೊಮ್ಮೆ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಗೊತ್ತಿಲ್ಲದ ಮೊತ್ತ ಕಂಡಿತೆಂದು. ಪ್ರತಿ ಸಲವೂ ಹಿಂದೆ ಎಲ್ಲಿ ಬಿಟ್ಟಿದ್ದೆವೆಂದು ನೆನಪಿಸಿಕೊಳ್ಳಲು ಅರ್ಧ ಗಂಟೆ ಬೇಕು. ಸಿಬ್ಬಂದಿಯನ್ನು ಸುಸ್ತುಗೊಳಿಸುತ್ತಿದ್ದದ್ದು ಫೈಲುಗಳ ಸಂಖ್ಯೆಯಲ್ಲ, ಒಂದೇ ಫೈಲನ್ನು ಮತ್ತೆ ಮತ್ತೆ ಶುರುಮಾಡುವ ಕೆಲಸ ಎಂಬುದು ನನಗೆ ಅಲ್ಲಿ ಖಚಿತವಾಯಿತು.

ಆದ್ದರಿಂದ 2025ಕ್ಕೆ ಒಂದೇ ನಿಯಮ ಮಾಡಿದೆ: ಕಾಗದ ಪೂರ್ತಿ ಬರುವವರೆಗೆ ಫೈಲ್ ಯಾರ ಮೇಜಿಗೂ ಹೋಗಬಾರದು, ನನ್ನ ಮೇಜಿಗೂ ಸಹ. ಪ್ರತಿ ಫೈಲಿನ ಮೇಲೆ ಹಳದಿ ಬಣ್ಣದ ಅರ್ಧ ಹಾಳೆ ಅಂಟಿಸಿದೆವು. ಎಲ್ಲ ಖಾತೆಗಳ ಮಾರ್ಚ್ 31ರವರೆಗಿನ ಸ್ಟೇಟ್‌ಮೆಂಟ್, ಸಹಿ ಮಾಡಿದ ಸ್ಟಾಕ್ ಪಟ್ಟಿ, ಕ್ಲೈಂಟೇ ಓದಿ ಟಿಕ್ ಹಾಕಿದ ಎಐಎಸ್ ಪ್ರತಿ, ಸಣ್ಣವರ ಬಾಕಿ ತಡವಾದರೆ ಖರ್ಚೆಂದು ಆ ವರ್ಷ ಒಪ್ಪದ 43ಬಿ(ಎಚ್) ಕಲಮಿನ ಸಲುವಾಗಿ ಸಣ್ಣ ಉದ್ದಿಮೆಗಳಿಗೆ 45 ದಿನ ಮೀರಿ ಬಾಕಿ ಉಳಿದ ಬಿಲ್ಲುಗಳ ಪಟ್ಟಿ, ಹೀಗೆ ಅದರಲ್ಲಿ ಹದಿಮೂರು ಸಾಲುಗಳಿದ್ದವು. ಮೊದಲ ಕರಡಿನಲ್ಲಿ ಇಪ್ಪತ್ತಾರು ಸಾಲುಗಳಿದ್ದವು, ಅದನ್ನು ಯಾರೂ ಪೂರ್ತಿ ಮಾಡಲಿಲ್ಲ. ಯಾವ ಹದಿಮೂರನ್ನು ಬಿಟ್ಟೆ, ಯಾವ ಬಗೆಯ ವ್ಯಾಪಾರಕ್ಕೆ ಯಾವ ಸಾಲು ಮೊದಲು ಬರಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷದ ರಿಜಿಸ್ಟರ್ ತಿರುವಿದರೆ ಅದು ಅವರವರ ಕಚೇರಿಗೆ ತಕ್ಕಂತೆ ಸಿಗುತ್ತದೆ.

ಕಪಾಟಿನ ಕೀಲಿಯನ್ನು ಸ್ವಾಗತದಲ್ಲಿ ಕೂರುವ ಅಕ್ಕನಿಗೆ ಕೊಟ್ಟೆ. ಅವರಿಗೆ ಲೆಕ್ಕಶಾಸ್ತ್ರ ಬಾರದು, ಆದರೆ ಹಾಳೆಯಲ್ಲಿ ಖಾಲಿ ಇರುವ ಚೌಕವನ್ನು ಅವರಷ್ಟು ಸ್ಪಷ್ಟವಾಗಿ ನೋಡುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಆಗಸ್ಟ್ ಕೊನೆಯಲ್ಲಿ ಅಮರಗೋಳದ ಎಪಿಎಂಸಿಯಿಂದ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಚೀಲದ ತುಂಬ ಕಾಗದ ತಂದು, "ಸಾಹೇಬ್ರು ಒಳಗ ಅದಾರಿಲ್ರಿ? ಅವರ ಕೈಯಾಗ ಕೊಡ್ತೀನಿ" ಎಂದರು. ಅಕ್ಕ ಎದ್ದು ನಿಂತು, "ಅದಾರ್ರಿ ಅಣ್ಣಾರ, ಆದ್ರ ಹಾಳಿ ತುಂಬೂತನಕ ಅವರೂ ಫೈಲ್ ಮುಟ್ಟಂಗಿಲ್ರಿ" ಎಂದು ಚೀಲವನ್ನು ಅಲ್ಲಿಯೇ ಬಿಚ್ಚಿಸಿದರು. ಎರಡು ತಿಂಗಳ ಸ್ಟೇಟ್‌ಮೆಂಟ್ ಇರಲಿಲ್ಲ. ವ್ಯಾಪಾರಿ ಸಿಟ್ಟಾಗಿ ಹೋದರು, ಮೂರನೆಯ ದಿನ ತಂದುಕೊಟ್ಟರು. ಅವರ ಫೈಲ್ ಹೊರಬಂದದ್ದು ಒಂದೇ ಸಲ, ಮುಗಿಯಿತು.

ಕಾಗದ ಬೇಗ ಬರಬೇಕಾದರೆ ತಡಕ್ಕೆ ಬೆಲೆ ಇರಬೇಕು. ಆಗಸ್ಟ್ 15ರೊಳಗೆ ಹಾಳೆ ತುಂಬಿದರೆ ಹಿಂದಿನ ವರ್ಷದ ಫೀ, ಅದರ ನಂತರ ಶೇ. 20 ಹೆಚ್ಚು, ಸೆಪ್ಟೆಂಬರ್ 10ರ ನಂತರ ಶೇ. 40 ಹೆಚ್ಚು ಎಂದು ಮೇ ತಿಂಗಳಲ್ಲಿ ಪತ್ರ ಕಳಿಸಿದೆ. ಹೆಚ್ಚುವರಿ ಹಣ ಒಂದು ರೂಪಾಯಿಯೂ ಉಳಿಯದಂತೆ ಸಿಬ್ಬಂದಿಗೆ ಹೋಗುತ್ತದೆಂಬುದನ್ನು ಅದೇ ಪತ್ರದಲ್ಲಿ ಬರೆದೆ. ಈ ಒಂದು ಸಾಲು ಮಾಡಿದ ಕೆಲಸವನ್ನು ನಾನು ನಿರೀಕ್ಷಿಸಿರಲಿಲ್ಲ. ಚೌಕಾಸಿಗೆ ಬಂದವರು ನನ್ನೊಂದಿಗೆ ಜಗ್ಗಾಡಬಲ್ಲರು, ತಮ್ಮ ಲೆಕ್ಕ ಬರೆದ ಹುಡುಗಿಯ ಎದುರು ನಿಂತು ಅವಳ ಪಾಲು ಕಡಿಮೆ ಮಾಡಿರೆಂದು ಹೇಳಲಾರರು. ಪತ್ರದ ಒಕ್ಕಣೆಯನ್ನು ಮೂರು ಸಲ ತಿದ್ದಿದ್ದೇನೆ, ಅದನ್ನು ಯಾರಿಗೂ ಕೊಟ್ಟಿಲ್ಲ.

ನಷ್ಟವೂ ಆಯಿತು. ಏಳು ಕ್ಲೈಂಟ್‌ಗಳು ಬಿಟ್ಟುಹೋದರು, ಅವರಲ್ಲಿ ಹದಿನೆಂಟು ವರ್ಷದ ಒಂದು ಎಣ್ಣೆ ಗಿರಣಿಯೂ ಸೇರಿತ್ತು. ವರ್ಷಕ್ಕೆ 1 ಲಕ್ಷ 30 ಸಾವಿರದಷ್ಟು ಫೀ ಕೈಬಿಟ್ಟಿತು. ಆ ಮಾಲೀಕರು ಎದ್ದು ಹೋದ ದಿನ ನನಗೆ ಊಟ ಸೇರಲಿಲ್ಲ. ಇನ್ನೊಂದು ಕಡೆ, ಹೆಚ್ಚುವರಿ ಫೀ ಎಂದು ಬಂದ ಸುಮಾರು 2 ಲಕ್ಷ 10 ಸಾವಿರ ದೀಪಾವಳಿಗೆ ಮೊದಲು ಹಂಚಿಕೆಯಾಯಿತು. ತಾತ್ಕಾಲಿಕ ಸಿಬ್ಬಂದಿಗೂ ಓವರ್‌ಟೈಮಿಗೂ ಹಿಂದಿನ ವರ್ಷಗಳಲ್ಲಿ ಸುರಿದ ಹಣ ಉಳಿಯಿತು.

ಏಳೂವರೆಯ ನಿಯಮವನ್ನು ಪಾಲಿಸುವುದು ಮೊದಲ ವಾರ ಕಷ್ಟವಾಯಿತು. ಇಬ್ಬರು ಲ್ಯಾಪ್‌ಟಾಪ್ ಮನೆಗೆ ಒಯ್ದು ಕೆಲಸ ಮಾಡಿದರು, ಆಮೇಲೆ ಸರ್ವರನ್ನೇ ಬಂದ್ ಮಾಡಲು ಶುರುಮಾಡಿದೆ. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುವ ಹಿರಿಯ ಸಹಾಯಕಿ ಎಂಟೂವರೆಗೆ ಮನೆಯಲ್ಲಿರುವುದು ಸೀಸನ್ನಿನಲ್ಲಿ ಇದೇ ಮೊದಲೆಂದು ಅವರ ಅತ್ತೆಯವರೇ ಫೋನ್ ಮಾಡಿ ಹೇಳಿದರು. ಹಗಲಿನ ಹೊತ್ತನ್ನು ಕಾಯ್ದದ್ದು ಇನ್ನೊಂದು ಏರ್ಪಾಡು: ಹತ್ತರಿಂದ ಒಂದರವರೆಗೆ ಸಿಬ್ಬಂದಿಯ ಫೋನುಗಳು ಡ್ರಾಯರಿನಲ್ಲಿ, ಎಲ್ಲ ಕರೆಗಳೂ ಒಬ್ಬರಿಗೇ. ಆ ಒಬ್ಬರು ವಾರಕ್ಕೊಮ್ಮೆ ಬದಲಾಗುತ್ತಾರೆ. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದ ವಾರದಲ್ಲಿ, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನಲ್ಲಿ ದರ ಹೇಗೆ ತಿದ್ದಬೇಕೆಂದು ದಿನಕ್ಕೆ ಎಂಬತ್ತು ತೊಂಬತ್ತು ಕರೆಗಳು ಬಂದವು. ಈ ಏರ್ಪಾಡಿಲ್ಲದಿದ್ದರೆ ಆಡಿಟ್ ಅಲ್ಲಿಗೇ ನಿಲ್ಲುತ್ತಿತ್ತು.

ಸಿಎ ಓದುತ್ತ ನಮ್ಮಲ್ಲಿ ತರಬೇತಿ ಪಡೆಯುವ ಆರ್ಟಿಕಲ್ ಹುಡುಗರದು ಬೇರೆಯೇ ಪ್ರಶ್ನೆ. ಸಿಎ ಪರೀಕ್ಷೆಗಳು ವರ್ಷಕ್ಕೆ ಮೂರು ಸಲ ಆದಮೇಲೆ 2025ರ ಸೆಪ್ಟೆಂಬರ್ ಪರೀಕ್ಷೆ ನೇರವಾಗಿ ಸೀಸನ್ನಿನ ಮೇಲೆ ಬಿತ್ತು. ನಾಲ್ವರಲ್ಲಿ ಇಬ್ಬರಿಗೆ ಆಗಸ್ಟ್ ಮೊದಲ ವಾರದಿಂದಲೇ ರಜೆ ಬೇಕಿತ್ತು. ನಾನು ತಕರಾರಿಲ್ಲದೆ ಕೊಟ್ಟೆ, ಬದಲಿಗೆ ಜೂನ್ ಮತ್ತು ಜುಲೈ ತಿಂಗಳಲ್ಲಿ ಬ್ಯಾಂಕ್ ತಾಳೆ, 2ಬಿ (ಜಿಎಸ್‌ಟಿಯ ಖರೀದಿ ಪಟ್ಟಿ) ತಾಳೆ ಎರಡನ್ನೂ ಅವರಿಂದ ಮುಗಿಸಿಕೊಂಡೆ. ರಜೆ ಕೊಡಲು ಮೀನಮೇಷ ಎಣಿಸಿದ ವರ್ಷ ಅವರು ಕಚೇರಿಯಲ್ಲೂ ಇರಲಿಲ್ಲ, ಪುಸ್ತಕದಲ್ಲೂ ಇರಲಿಲ್ಲ.

ಪಕ್ಕದ ಪ್ರಯೋಗಗಳೂ ಕೆಲವು ನಡೆದವು. ಖಾನಾವಳಿಯಿಂದ ರಾತ್ರಿ ರೊಟ್ಟಿ ಊಟ ತರಿಸುತ್ತಿದ್ದ ಹಳೆಯ ರೂಢಿಯನ್ನು ನಿಲ್ಲಿಸಿದೆ, ಏಕೆಂದರೆ ಊಟ ಇದೆಯೆಂದರೆ ಉಳಿಯಬೇಕೆಂದೇ ಅರ್ಥ. ಅದರ ಬದಲು ನಾಲ್ಕು ಗಂಟೆಗೆ ಗಿರಮಿಟ್ ಮತ್ತು ಮಜ್ಜಿಗೆ. ಮಿರ್ಚಿ ಭಜಿಯನ್ನೂ ಎರಡು ವಾರ ಕೊಟ್ಟು ನೋಡಿದೆ, ಐದರ ಮೇಲೆ ಎಲ್ಲರೂ ಮಂಕಾಗುತ್ತಿದ್ದರು. ಮೀಟಿಂಗ್ ಕೋಣೆಯಲ್ಲಿ ಎರಡು ಚಾಪೆ ಹಾಸಿ, ಊಟದ ನಂತರ ಇಪ್ಪತ್ತು ನಿಮಿಷ ಮಲಗಲು ಅವಕಾಶ ಕೊಟ್ಟೆ. ಮೊದಲು ಸಂಕೋಚಪಟ್ಟರು, ನಾನೇ ಒಂದು ದಿನ ಮಲಗಿದ ಮೇಲೆ ಸರದಿ ಬಂತು. ತಲಾ ಒಂಬತ್ತು ಸಾವಿರಕ್ಕೆ ಕೊಂಡ ಎರಡನೆಯ ಮಾನಿಟರುಗಳು ಒಂದೇ ತಿಂಗಳಲ್ಲಿ ಹಣ ತೀರಿಸಿದವು. ಇಬ್ಬರು ಕುಳಿತು ಒಬ್ಬರು ಓದಿ ಇನ್ನೊಬ್ಬರು ಟಿಕ್ ಹಾಕುವ ಪದ್ಧತಿ ಮಾತ್ರ ಪೂರ್ತಿ ಸೋತಿತು, ಗದ್ದಲ ಹೆಚ್ಚಾಯಿತು, ತಪ್ಪು ಕಡಿಮೆಯಾಗಲಿಲ್ಲ.

ತಪ್ಪುಗಳನ್ನು ನಾನು ರಿವ್ಯೂ ಟಿಪ್ಪಣಿಗಳಿಂದ ಎಣಿಸುತ್ತೇನೆ. 2024ರಲ್ಲಿ ಒಂದು ಆಡಿಟ್ ಫೈಲಿಗೆ ಆರೇಳು ಟಿಪ್ಪಣಿ ಬರೆಯುತ್ತಿದ್ದವನು 2025ರಲ್ಲಿ ಎರಡೋ ಮೂರೋ ಬರೆದೆ. ಎಪ್ಪತ್ತು ಆಡಿಟ್‌ಗಳಲ್ಲಿ ಐವತ್ತೆಂಟು ಸೆಪ್ಟೆಂಬರ್ 30ಕ್ಕೇ ಮುಗಿದವು. ರಾಜಸ್ಥಾನ ಮತ್ತು ಕರ್ನಾಟಕ ಉಚ್ಚ ನ್ಯಾಯಾಲಯಗಳ ಆದೇಶದ ಬೆನ್ನಿಗೇ ಆಡಿಟ್ ವರದಿಯ ಗಡುವು ಅಕ್ಟೋಬರ್ 31ಕ್ಕೆ, ಆಮೇಲೆ ನವೆಂಬರ್ 10ಕ್ಕೆ ಹೋದಾಗ, "ಸರ್ಕಾರನ ಟೈಮ್ ಕೊಟ್ಟೈತಿ, ನಿಮ್ದೇನ್ರಿ ಹೆಚ್ಚಿನ ಫೀ?" ಎಂದು ಹಲವರು ಕೇಳಿದರು. ನಮ್ಮ ದಿನಾಂಕ ನಮ್ಮ ಹಾಳೆಯ ಮೇಲಿರುವುದೇ ಎಂದು ಹೇಳಿ, ಒಬ್ಬರಿಗೂ ಬಿಡಲಿಲ್ಲ. ಬಿಟ್ಟಿದ್ದರೆ ಆಗಸ್ಟ್‌ನಲ್ಲಿ ಓಡಿಬಂದು ಕಾಗದ ಕೊಟ್ಟವರಿಗೆ ಮೋಸವಾಗುತ್ತಿತ್ತು.

ಆ ವರ್ಷ ಯಾರೂ ಕೆಲಸ ಬಿಡಲಿಲ್ಲ. 10-ಐಇಎ ಮರೆತು ಅತ್ತಿದ್ದ ಸಹಾಯಕಿಯೇ 2026ರ ಸೀಸನ್ನಿನ ಹಾಳೆ ಸಿದ್ಧಪಡಿಸುತ್ತಿದ್ದಾರೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಆದರೆ 2025–26ರ ಲೆಕ್ಕದ ರಿಟರ್ನ್ ಹಳೆಯ ಕಾಯ್ದೆಯಂತೆಯೇ ಹೋಗಬೇಕು. ಒಂದೇ ಕ್ಲೈಂಟಿನ ರಿಟರ್ನ್ ಒಂದು ಕಾಯ್ದೆಯಲ್ಲಿ, ಅದೇ ಜುಲೈನ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಇನ್ನೊಂದರಲ್ಲಿ ಬರುವುದರಿಂದ ಹಳದಿಯ ಜೊತೆಗೆ ಹಸಿರು ಹಾಳೆಯೊಂದು ಬೇಕೆಂದು ಅವರು ಹೇಳಿದ್ದಾರೆ. ಹಸಿರು ಹಾಳೆಯಲ್ಲಿ ಈಗ ಹತ್ತೊಂಬತ್ತು ಸಾಲುಗಳಿವೆ. ಹತ್ತಕ್ಕೆ ಇಳಿಸಿ ತರಲು ಅವರಿಗೆ ಫೆಬ್ರವರಿ ಕೊನೆಯವರೆಗೆ ಸಮಯ ಕೊಟ್ಟಿದ್ದೇನೆ.