ಜೋತುಬಿದ್ದ ಮಣಿಕಟ್ಟು ಮತ್ತೆ ಎದ್ದಿದ್ದು

ಸ್ಕೂಟರಿನಿಂದ ಬಿದ್ದು ನನ್ನ ಬಲತೋಳಿನ ಮೂಳೆ ನಡುವೆ ಮುರಿಯಿತು. ಮಣಿಕಟ್ಟು ಎತ್ತುವ, ಬೆರಳು ಬಿಡಿಸುವ ಸ್ನಾಯುಗಳಿಗೆ ಹೋಗುವ ರೇಡಿಯಲ್ ನರ ಅಲ್ಲೇ ಮೂಳೆಯನ್ನು ಬಳಸಿಕೊಂಡು ಹೋಗುತ್ತದೆ. ಅದಕ್ಕೂ ಪೆಟ್ಟಾಯಿತು. ಮಣಿಕಟ್ಟು ಜೋತುಬಿತ್ತು. ಬೆರಳು ಬಿಡಿಸಲು ಬರಲಿಲ್ಲ.

ನೋಡಲು ಬಂದವರೆಲ್ಲ ಹೇಳಿದ್ದು ಒಂದೇ: "ಮೆತ್ತನೆ ಚೆಂಡು ತಗೊಂಡು ಹಿಸುಕ್ತಾ ಇರಿ." ಈ ತೊಂದರೆಗೆ ಅದು ಸುಮ್ನೆ ಟೈಂಪಾಸ್. ಬೆರಳು ಮಡಚುವ ಸ್ನಾಯುಗಳಿಗೆ ಬೇರೆ ನರಗಳಿವೆ, ಅವು ಚೆನ್ನಾಗಿಯೇ ಇದ್ದವು. ಹಿಡಿತ ಹೋಗಿದ್ದು ಮಣಿಕಟ್ಟು ಬಾಗಿದ್ದರಿಂದ. ಬೇಕಿದ್ದರೆ ನಿಮ್ಮ ಮಣಿಕಟ್ಟನ್ನು ಪೂರ್ತಿ ಕೆಳಗೆ ಬಾಗಿಸಿ ಮುಷ್ಟಿ ಬಿಗಿದು ನೋಡಿ. ಮಣಿಕಟ್ಟನ್ನು ಎತ್ತಿ ಹಿಡಿಯುವ ಸ್ಪ್ಲಿಂಟ್ ಹಾಕಿದ ಕೂಡಲೇ ನಾನು ಲೋಟ ಹಿಡಿದೆ.

ಒಳಗಿನ ಎಳೆಗಳು ತುಂಡಾದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಅದು ಬಂದು ಮುಟ್ಟುವ ತನಕ ನೀವು ಎಷ್ಟೇ ಮುಕ್ಕಿರಿದರೂ ಆ ಸ್ನಾಯು ಅಲುಗುವುದಿಲ್ಲ. ಹಾಗಾಗಿ ಮೊದಲ ತಿಂಗಳುಗಳಲ್ಲಿ ನನ್ನ ವ್ಯಾಯಾಮವೆಲ್ಲ ಕೀಲುಗಳಿಗೆ. ಎಡಗೈಯಿಂದ ಬಲಗೈ ಮಣಿಕಟ್ಟು, ಬೆರಳು, ಹೆಬ್ಬೆರಳನ್ನು ಪೂರ್ತಿ ಬಿಡಿಸಿ, ಮಡಚಿ, ಮತ್ತೆ ಬಿಡಿಸುವುದು. ಬೇಜಾರಿನ ಕೆಲಸ, ಆದರೆ ಕೀಲು ಬಿಗಿದುಕೊಂಡರೆ ನರ ಬಂದೂ ಏನು ಪ್ರಯೋಜನ? ನರವಿಲ್ಲದ ಸ್ನಾಯುವಿಗೆ ಯಂತ್ರದಿಂದ ಸಣ್ಣ ಕರೆಂಟ್ ಕೊಡಿಸುವ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ನಾನು ಕೊಡಿಸಲಿಲ್ಲ.

ಈ ಹಂತದಲ್ಲಿ ಮೋಸಹೋಗುವುದು ಸುಲಭ. ಬೆರಳಿನ ತುದಿಗಿಣ್ಣು ನೆಟ್ಟಗಾಯಿತೆಂದು ಹಿಗ್ಗಬೇಡಿ. ಅಂಗೈಯೊಳಗಿನ ಸಣ್ಣ ಸ್ನಾಯುಗಳು ಅದನ್ನು ಮಾಡುತ್ತವೆ, ಅವುಗಳ ನರವೇ ಬೇರೆ. ಬುಡದ ಗಿಣ್ಣು ಎದ್ದರೆ ಮಾತ್ರ ಲೆಕ್ಕ.

ನರ ಮೊದಲು ತಲುಪಿದ್ದು ಮೊಣಕೈ ಹತ್ತಿರದ ಸ್ನಾಯುವಿಗೆ. ಹೆಬ್ಬೆರಳು ಮೇಲಿಟ್ಟು ಮೊಣಕೈ ಮಡಚುವಾಗ, ಮುಂಗೈ ಮೇಲೆ ಅದು ಸಣ್ಣಗೆ ಉಬ್ಬಿದ್ದನ್ನು ಫಿಸಿಯೋ ಮೇಡಂ ಬೆರಳಿಟ್ಟು ತೋರಿಸಿದರು. ಆಮೇಲೆ ಮಣಿಕಟ್ಟಿನ ಸರದಿ. ಶುರುವಿನಲ್ಲಿ ಅದಕ್ಕೆ ಕೈಯ ತೂಕ ಎತ್ತುವಷ್ಟೂ ಬಲವಿರಲಿಲ್ಲ. ಮೇಜಿನ ಮೇಲೆ ಪೌಡರ್ ಉದುರಿಸಿ, ಹೆಬ್ಬೆರಳು ಮೇಲೆ ಬರುವಂತೆ ಕೈ ಅಡ್ಡ ಇಟ್ಟು ಜಾರಿಸುತ್ತಿದ್ದೆ. ಹಾಗೆ ಇಟ್ಟರೆ ತೂಕ ಎತ್ತುವ ಕೆಲಸವೇ ಇಲ್ಲ. ನಾಲ್ಕೈದು ಸಲ ಆದ ಮೇಲೆ ಚಲನೆ ಕುಗ್ಗುತ್ತಿತ್ತು, ಅಲ್ಲಿಗೆ ನಿಲ್ಲಿಸಿ ಇನ್ನೊಂದು ಗಂಟೆ ಬಿಟ್ಟು ಮತ್ತೆ. ಹೊಸದಾಗಿ ನರ ಬಂದ ಸ್ನಾಯು ಬೇಗ ಸುಸ್ತಾಗುತ್ತದೆ, ಅದನ್ನು ದಣಿಸಿ ಲಾಭವಿಲ್ಲ. ಅಂಗೈ ಕೆಳಗೆ ಮಾಡಿ ಕೈ ಪೂರ್ತಿ ಎತ್ತಲು ಬಂದ ಮೇಲಷ್ಟೇ ತೂಕ ಹಿಡಿದೆ. ಅದೂ ಅರ್ಧ ತುಂಬಿದ ನೀರಿನ ಬಾಟಲಿ.

ಹೆಬ್ಬೆರಳು ಎಲ್ಲಕ್ಕಿಂತ ಕೊನೆಗೆ ಬಂತು. ಅದರ ದಾರಿಯೇ ಉದ್ದ, ಅಲ್ವಾ. ಇಂಥ ಪೆಟ್ಟು ಬಹುಪಾಲು ತಾನಾಗಿಯೇ ಸರಿಹೋಗುತ್ತದೆ. ಆದರೂ ತಿಂಗಳುಗಟ್ಟಲೆ ಏನೂ ಅಲುಗದಿದ್ದರೆ ಕಾಯುತ್ತಾ ಕೂರಬಾರದು. ಒಂದು, ಒಂದೂವರೆ ವರ್ಷ ನರವಿಲ್ಲದೆ ಉಳಿದ ಸ್ನಾಯು ಆಮೇಲೆ ನರ ಬಂದರೂ ಸರಿಯಾಗಿ ಏಳುವುದಿಲ್ಲ. ಆಗ ಬೇರೆ ಸ್ನಾಯುವಿನ ಸ್ನಾಯುರಜ್ಜುವನ್ನು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಅಲ್ಲಿಗೆ ಜೋಡಿಸುವ ಆಪರೇಷನ್ ಇದೆ. ನನಗೆ ಅದರ ಅಗತ್ಯ ಬೀಳಲಿಲ್ಲ.